ಅಂಗ್ಕೋರ್ ವಾಟ್‌ಗೆ ಗ್ರೂಪ್ ಟೂರಿನಲ್ಲಿ ಒಂದೇ ದಿನ ಸಾಕಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ವಿಯೆಟ್ನಾಂ, ಕಾಂಬೋಡಿಯಾ ನೋಡಿ ಬರೋಣ ಅಂತಿದ್ದೇನೆ. ಬೆಂಗಳೂರಿನ ಒಂದು ಟೂರ್ ಕಂಪನಿಯವರು ಪ್ಯಾಕೇಜ್ ಕಳಿಸಿದ್ದಾರೆ. ಜಾಸ್ತಿ ದಿನ ಎಲ್ಲಾ ವಿಯೆಟ್ನಾಂಗೇ. ಕಾಂಬೋಡಿಯಾದ ಹಳೇ ಗುಡಿಗಳಿರುವ ಅಂಗ್ಕೋರ್‌ಗೆ ಇಟ್ಟಿರುವುದು ಒಂದೇ ದಿನ. ಬೆಳಗ್ಗೆ ಅಂಗ್ಕೋರ್ ವಾಟ್‌ನಲ್ಲಿ ಸೂರ್ಯೋದಯ, ಆಮೇಲೆ ಬಾಯೋನ್, ತಾ ಪ್ರೋಮ್ ಗುಡಿಗಳು, ಸಂಜೆ ಫ್ನೋಮ್ ಬಾಖೆಂಗ್ ಗುಡ್ಡದಲ್ಲಿ ಸೂರ್ಯಾಸ್ತ. ಎಲ್ಲಾ ಅದೇ ದಿನ ಮುಗಿಯಬೇಕು.

ಅಪ್ಪ ರಿಟೈರ್ ಆದಮೇಲೆ ಊರೂರಿನ ದೇವಸ್ಥಾನ ಸುತ್ತುತ್ತಾರೆ. ಒಳ್ಳೆ ಕೆತ್ತನೆ ಕಂಡರೆ ನಿಂತಲ್ಲೇ ನಿಂತುಬಿಡುತ್ತಾರೆ. ಆದರೆ ಮಂಡಿ ನೋವು, ಮೆಟ್ಟಿಲು ಕಷ್ಟ. ಅಮ್ಮನಿಗೆ ಊಟದ್ದೇ ಚಿಂತೆ. ಮೀನು, ಮಾಂಸ, ಮೊಟ್ಟೆ ಯಾವುದೂ ಆಗುವುದಿಲ್ಲ. ಗ್ರೂಪ್ ಟೂರೇ ವಾಸಿನಾ? ಅಥವಾ ನಾವೇ ಹೋಗಿ ಅಲ್ಲೊಬ್ಬ ಗೈಡ್ ಮಾಡಿಕೊಳ್ಳುವುದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಹಾಸನದ ಮೇಷ್ಟ್ರು

ಒಂದು ದಿನ ಸಾಲುವುದಿಲ್ಲ. ನಿಮ್ಮ ತಂದೆಯವರ ಸ್ವಭಾವ ಕೇಳಿದಮೇಲಂತೂ ಆ ಪ್ಯಾಕೇಜ್ ಬೇಡವೇ ಬೇಡ ಅನ್ನುತ್ತೇನೆ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅಂಗ್ಕೋರ್ ವಾಟ್ ಕಟ್ಟಿಸಿದವನು ಎರಡನೇ ಸೂರ್ಯವರ್ಮ. ಪಟ್ಟಕ್ಕೆ ಬಂದಿದ್ದು 1113ರಲ್ಲಿ. ನಮ್ಮ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಆಗಿದ್ದು 1117ರಲ್ಲಿ. ಇಲ್ಲಿ ವಿಷ್ಣುವರ್ಧನ ವಿಷ್ಣುವಿಗೆ ಗುಡಿ ಕಟ್ಟಿಸುತ್ತಿದ್ದ ಕಾಲದಲ್ಲೇ ಅಲ್ಲಿ ಸೂರ್ಯವರ್ಮನೂ ವಿಷ್ಣುವಿಗೇ ಕಟ್ಟಿಸಲು ಹೊರಟಿದ್ದ. ನಮ್ಮಲ್ಲಿ ಬಳಪದ ಕಲ್ಲು, ಬೆರಳಗಲದ ಜಾಗದಲ್ಲೂ ಕುಸುರಿ. ಅಲ್ಲಿ ಮರಳುಗಲ್ಲು, ಉದ್ದುದ್ದ ಗೋಡೆ, ಗೋಡೆಯ ಈ ತುದಿಯಿಂದ ಆ ತುದಿಗೆ ಒಂದೇ ಕತೆ. ಬೇಲೂರು, ಹಳೇಬೀಡು ಕಣ್ಣಲ್ಲಿ ತುಂಬಿಕೊಂಡವರು ಅಲ್ಲಿಗೆ ಹೋದರೆ ಸಿಗುವ ಖುಷಿಯೇ ಬೇರೆ.

ಹೊರಗಿನ ಮೊದಲ ಸುತ್ತಿನ ಪಡಸಾಲೆಯಲ್ಲೇ ಈ ಉಬ್ಬುಶಿಲ್ಪಗಳಿವೆ. ಪಶ್ಚಿಮದ ಗೋಡೆಯ ದಕ್ಷಿಣ ಭಾಗದಲ್ಲಿ ಕುರುಕ್ಷೇತ್ರ. ಎಡಗಡೆಯಿಂದ ಕೌರವರು, ಬಲಗಡೆಯಿಂದ ಪಾಂಡವರು. ತುದಿಯಲ್ಲಿ ಸೈನಿಕರು ಸಾಲಾಗಿ ಹೆಜ್ಜೆ ಹಾಕುತ್ತಿರುತ್ತಾರೆ. ನಡುವಿಗೆ ಬರುತ್ತಾ ಬರುತ್ತಾ ಸಾಲು ಕೆಡುತ್ತದೆ, ಆನೆ, ರಥ, ಕಾಲಾಳು ಎಲ್ಲಾ ಕಲಸಿಹೋಗುತ್ತದೆ. ಶರಶಯ್ಯೆಯ ಮೇಲೆ ಮಲಗಿರುವ ಭೀಷ್ಮನನ್ನು ಯಾರೂ ತೋರಿಸಬೇಕಿಲ್ಲ, ನಿಮ್ಮಪ್ಪ ಅವರೇ ಗುರುತು ಹಿಡಿಯುತ್ತಾರೆ. ಅದೇ ಪಶ್ಚಿಮದ ಗೋಡೆಯ ಉತ್ತರ ಭಾಗದಲ್ಲಿ ಲಂಕೆಯ ಯುದ್ಧ. ರಾಮ ಹನುಮಂತನ ಹೆಗಲ ಮೇಲೆ ನಿಂತು ಬಾಣ ಬಿಡುತ್ತಿದ್ದಾನೆ.

ಪೂರ್ವದ ಗೋಡೆಯಲ್ಲಿ ಸಮುದ್ರಮಥನ. ಸುಮಾರು 49 ಮೀಟರ್ ಉದ್ದದ ಒಂದೇ ಶಿಲ್ಪ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ವಿಷ್ಣು, ಕೆಳಗೆ ಕೂರ್ಮ. ಕೆಳಗಿನ ಸಮುದ್ರದ ಪಟ್ಟಿಯನ್ನು ಬಗ್ಗಿ ನೋಡಬೇಕು. ಎರಡೂ ತುದಿಯಲ್ಲಿ ಮೀನು, ಮೊಸಳೆ ಆರಾಮಾಗಿ ಈಜುತ್ತಿರುತ್ತವೆ. ಕಡೆಗೋಲಿನ ಹತ್ತಿರ ಬಂದಂತೆ ಕಡೆತದ ರಭಸಕ್ಕೆ ಅವೇ ಮೀನುಗಳು ತುಂಡುತುಂಡಾಗಿವೆ. ಶಿಲ್ಪಿ ಅಷ್ಟು ಯೋಚನೆ ಮಾಡಿದ್ದಾನೆ! ದೇವತೆಗಳ ಸಾಲಿನ ಕೊನೆಯಲ್ಲಿ ವಾಸುಕಿಯ ಬಾಲ ಹಿಡಿದು ಹನುಮಂತ ನಿಂತಿದ್ದಾನೆ. ನಾವು ಕೇಳಿದ ಕತೆಯಲ್ಲಿ ಅವನು ಅಲ್ಲಿರುವುದಿಲ್ಲ ಅಲ್ವಾ? ಅಲ್ಲಿನ ಖ್ಮೇರ್ ಜನ ಕತೆ ತೆಗೆದುಕೊಂಡು ತಮ್ಮದೇ ಮಾಡಿಕೊಂಡಿದ್ದು ಕಣ್ಣಿಗೆ ಕಾಣುವುದು ಇಂಥ ಕಡೆ.

ಇನ್ನೊಂದು ವಿಷಯ. ದೇವಸ್ಥಾನ ಪಶ್ಚಿಮಕ್ಕೆ ಮುಖ ಮಾಡಿದೆ. ಈ ಶಿಲ್ಪಗಳನ್ನು ಕತೆಯ ಕ್ರಮದಲ್ಲಿ ನೋಡಬೇಕಾದರೆ ಪ್ರದಕ್ಷಿಣೆ ಮಾಡುವಂತಿಲ್ಲ, ಅಪ್ರದಕ್ಷಿಣೆಯಲ್ಲೇ ಹೋಗಬೇಕು. ಅಪ್ರದಕ್ಷಿಣೆ ಅಪರ ಕರ್ಮದ ರೀತಿ. ಹಾಗಾಗಿ ಇದು ರಾಜನ ಸಮಾಧಿಯ ಗುಡಿಯೂ ಆಗಿರಬಹುದು ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ಇದನ್ನೆಲ್ಲಾ ಗೋಡೆಯ ಮುಂದೆ ನಿಲ್ಲಿಸಿ ತೋರಿಸುವ ಗೈಡ್ ಬೇಕು. ನಲವತ್ತು ಜನರ ಗುಂಪಿನಲ್ಲಿ ಆ ಕಿರಿದಾದ ಪಡಸಾಲೆಯಲ್ಲಿ ಅದು ಆಗದ ಮಾತು. ಹೋದ ಪುಟ್ಟ ಬಂದ ಪುಟ್ಟ ಅಂತಾಗುತ್ತದೆ.

ಒಂಟಿಕೊಪ್ಪಲ್ ಅಕ್ಕ

ಮೇಷ್ಟ್ರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಗ್ರೂಪ್ ಟೂರನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ನಾನೂ ನಮ್ಮ ಯಜಮಾನರೂ ಹೋಗಿದ್ದು ಗ್ರೂಪಿನಲ್ಲೇ. ಮಕ್ಕಳು ದೂರದಲ್ಲಿದ್ದಾರೆ, ಅವರಿಗೆ ರಜೆ ಸಿಗುವವರೆಗೆ ಕಾಯುತ್ತಾ ಕೂತರೆ ನಮ್ಮ ಕಾಲುಗಳು ಕಾಯುವುದಿಲ್ಲ. ವೀಸಾ, ಏರ್‌ಪೋರ್ಟ್, ಲಗೇಜು, ಹೋಟೆಲ್ ರೂಮು, ಯಾವುದಕ್ಕೂ ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಯಜಮಾನರಿಗೆ ದಾರಿಯಲ್ಲಿ ಬಿಪಿ ಏರಿದಾಗ ಟೂರ್ ಮ್ಯಾನೇಜರ್ ಹುಡುಗ ಮನೆ ಮಗನ ಹಾಗೆ ಜೊತೆಯಲ್ಲಿದ್ದ. ಬಸ್ಸಿನಲ್ಲಿ ನಮ್ಮ ವಯಸ್ಸಿನವರೇ ಇದ್ದರು. ಈಗಲೂ ಫೋನ್ ಮಾಡಿಕೊಂಡು ಮಾತಾಡುತ್ತೇವೆ.

ಒಂದು ಮಾತು ಒಪ್ಪುತ್ತೇನೆ. ಸಮಯ ಸಾಲಲಿಲ್ಲ. ಕುರುಕ್ಷೇತ್ರದ ಮುಂದೆ ನಾನು ಅರ್ಜುನ ಕೃಷ್ಣರನ್ನು ಹುಡುಕುತ್ತಿದ್ದೆ, ಅಷ್ಟರಲ್ಲಿ ಬಾವುಟ ಹಿಡಿದವರು ಮುಂದೆ ಹೋಗಿಯಾಗಿತ್ತು. ಅದು ಟೂರಿನವರ ತಪ್ಪು ಅನ್ನುವುದಕ್ಕಿಂತ ಒಂದು ದಿನಕ್ಕೆ ಅಷ್ಟು ಜಾಗ ತುರುಕಿದ್ದರ ಫಲ. ದಿನ ಜಾಸ್ತಿ ಇಟ್ಟರೆ ಗ್ರೂಪಿನಲ್ಲೂ ಚೆನ್ನಾಗಿ ನೋಡಬಹುದು.

ಸಿಂಗಪುರ ಕನ್ನಡತಿ

ಇಲ್ಲಿಂದ ಹತ್ತಿರ ಅಂತ ನಾವು ಆಗಾಗ ಹೋಗಿ ಬರುತ್ತೇವೆ. ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಕೆಲಸಕ್ಕೆ ಬರುವ ವಿಷಯ ಮಾತ್ರ ಹೇಳುತ್ತೇನೆ.

ಟಿಕೆಟ್ ಮೂರು ಥರ. ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. 2017ರಿಂದ ಇದೇ ದರ. ಮೂರು ದಿನದ್ದನ್ನು ಬೆನ್ನುಬೆನ್ನಿಗೇ ಬಳಸಬೇಕಿಲ್ಲ, 10 ದಿನದ ಒಳಗೆ ಯಾವ ಮೂರು ದಿನವಾದರೂ ಸರಿ. ಮಧ್ಯೆ ಒಂದು ದಿನ ಅಪ್ಪ ಆರಾಮ ತೆಗೆದುಕೊಳ್ಳಬಹುದು. ಟಿಕೆಟ್ ಮೇಲೆ ನಿಮ್ಮ ಫೋಟೋ ಇರುತ್ತದೆ, ಬೇರೆಯವರದ್ದು ನಡೆಯುವುದಿಲ್ಲ. ಪ್ರತಿ ಟಿಕೆಟ್‌ನಿಂದ 2 ಡಾಲರ್ ಅಲ್ಲಿನ ಕಾಂಥಾ ಬೋಫಾ ಮಕ್ಕಳ ಆಸ್ಪತ್ರೆಗೆ ಹೋಗುತ್ತದೆ. ಸಂಜೆ ಐದರ ಮೇಲೆ ತೆಗೆದುಕೊಂಡರೆ ಲೆಕ್ಕ ಮರುದಿನದಿಂದ ಶುರು, ಆದರೆ ಆವತ್ತಿನ ಸಂಜೆಯೂ ಒಳಗೆ ಹೋಗಿ ಸೂರ್ಯಾಸ್ತ ನೋಡಬಹುದು.

ಗೈಡ್ ಬಗ್ಗೆ. ಅಲ್ಲಿ ಸರ್ಕಾರದ ಲೈಸೆನ್ಸ್ ಇದ್ದವರೇ ವಿವರಣೆ ಕೊಡಬೇಕು. ಅವರಿಗೆ ಯೂನಿಫಾರ್ಮ್, ಬ್ಯಾಡ್ಜ್ ಇರುತ್ತದೆ. ನಿಮ್ಮ ಗ್ರೂಪ್ ಟೂರಿನವರೂ ಅಂಥವರನ್ನೇ ಗೊತ್ತುಮಾಡುತ್ತಾರೆ. ವ್ಯತ್ಯಾಸ ಏನಪ್ಪಾ ಅಂದರೆ, ನೀವೇ ಮಾಡಿಕೊಂಡರೆ ಗೈಡ್ ನಿಮ್ಮ ಅಪ್ಪನ ನಡಿಗೆಗೆ ತಕ್ಕ ಹಾಗೆ ನಡೆಯುತ್ತಾರೆ. ಮೊದಲೇ ಮೆಸೇಜ್ ಮಾಡಿ ಹೇಳಿಬಿಡಿ: ನಮಗೆ ರಾಮಾಯಣ, ಮಹಾಭಾರತ ಗೊತ್ತು, ಕತೆ ಬೇಡ, ಶಿಲ್ಪ ತೋರಿಸಿ, ನಿಮ್ಮ ಜನರ ಬಗ್ಗೆ ಹೇಳಿ. ಇಲ್ಲದಿದ್ದರೆ ಅರ್ಧ ಹೊತ್ತು ರಾಮ ಯಾರು, ಸೀತೆ ಯಾರು ಅನ್ನುವುದರಲ್ಲೇ ಕಳೆದುಹೋಗುತ್ತದೆ. ಪಾಪ, ಬೇರೆ ದೇಶದವರಿಗೆ ಹೇಳಿ ಹೇಳಿ ಅವರಿಗೆ ಅದೇ ಅಭ್ಯಾಸ.

ನಮಗೆ ಸಿಕ್ಕಿದ್ದ ಗೈಡ್ ವಯಸ್ಸಾದವರು. ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಖ್ಮೇರ್ ರೂಜ್ ಕಮ್ಯುನಿಸ್ಟರ ಆಡಳಿತದ 1975ರಿಂದ 79ರ ಕಾಲದಲ್ಲಿ ಚಿಕ್ಕ ಹುಡುಗ. ಅಂಗ್ಕೋರ್ ವಾಟ್ ಕಂಬಗಳ ಮೇಲಿನ ಗುಂಡೇಟಿನ ಗುರುತು ತೋರಿಸಿದರು. ತಮ್ಮ ಮನೆಯವರ ಬಗ್ಗೆ ಎರಡೇ ಮಾತು ಹೇಳಿ ಸುಮ್ಮನಾದರು. ಅಪ್ಪ ಮುಂದೆ ಏನೂ ಕೇಳಲಿಲ್ಲ, ಅವರ ಕೈ ಹಿಡಿದುಕೊಂಡರು. ಒಂದು ದೇಶವನ್ನು ಬರೀ ಅದರ ಹಳೇ ಕಲ್ಲಿನಿಂದ ಅಳೆಯಬಾರದು ಅಂತ ನನಗೆ ತುಂಬಾ ಬಲವಾಗಿ ಅನಿಸುತ್ತದೆ.

ತುಂಗಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರ ಪೋಸ್ಟ್ ಅಪ್ಪನಿಗೆ ಓದಿ ಹೇಳಿದೆ. ಮೀನು ತುಂಡಾಗಿರುವುದನ್ನು ಎರಡು ಸಲ ಓದಿಸಿದರು. ಈಗ ಮೆಟ್ಟಿಲಿನ ಬಗ್ಗೆ ಯಾರಾದರೂ ಹೇಳ್ತೀರಾ? ಅವರು ಎಲ್ಲೆಲ್ಲಿ ಹತ್ತಬೇಕಾಗುತ್ತದೆ?

ಸಿಂಗಪುರ ಕನ್ನಡತಿ

ಅಂಗ್ಕೋರ್ ವಾಟ್‌ನಲ್ಲೇ ಮೇಲೆ ಬಾಕಾನ್ ಅಂತ ಒಂದು ಹಂತ ಇದೆ, ಐದು ಗೋಪುರಗಳ ಬುಡ. ಅಲ್ಲಿಗೆ ಕಲ್ಲಿನ ಮೆಟ್ಟಿಲು ಗೋಡೆಯಷ್ಟೇ ಕಡಿದು. ಅದರ ಮೇಲೆ ಮರದ ಮೆಟ್ಟಿಲು, ಹಿಡಿಕೆ ಹಾಕಿದ್ದಾರೆ. ಆದರೂ ಮಂಡಿ ನೋವಿರುವವರಿಗೆ ಬೇಡ. ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಒಂದು ಸಲಕ್ಕೆ 100 ಜನರನ್ನಷ್ಟೇ ಬಿಡುತ್ತಾರೆ, ಕ್ಯೂ ಬೇರೆ. ಫ್ನೋಮ್ ಬಾಖೆಂಗ್ ಕೂಡ ಬಿಟ್ಟುಬಿಡಿ. ಗುಡ್ಡ ಹತ್ತಬೇಕು, ಮೇಲೆ ಗುಡಿಯ ಮೆಟ್ಟಿಲು ಹತ್ತಬೇಕು, ಅಲ್ಲೂ ಒಮ್ಮೆಗೆ 300 ಜನರ ಮಿತಿ. ಅಷ್ಟು ಕಷ್ಟಪಟ್ಟು ನೋಡುವುದು ಜನರ ತಲೆಗಳನ್ನೇ.

ಅಪ್ಪನಿಗೆ ಬೇಕಾದ್ದೆಲ್ಲಾ ಕೆಳಗಿನ ಪಡಸಾಲೆಯಲ್ಲೇ ಇದೆ. ಒಮ್ಮೆ ಹತ್ತಿದರೆ ಸಮತಟ್ಟು ನೆಲ, ನೆರಳು, ಅಲ್ಲಲ್ಲಿ ಕೂರಲು ಜಾಗ. ಎಲ್ಲರೂ ಪಶ್ಚಿಮದ ದೊಡ್ಡ ದಾರಿಯಿಂದ ಬರುತ್ತಾರೆ. ನೀವು ಪೂರ್ವದ ಬಾಗಿಲಿಂದ ಬನ್ನಿ. ಗುಡಿ ಆವರಣದ ಪೂರ್ವಕ್ಕೆ ಸರಿದು ಕೂತಿದೆ, ಹಾಗಾಗಿ ನಡಿಗೆ ಕಮ್ಮಿ, ಜನವೂ ಕಮ್ಮಿ. ಸಮುದ್ರಮಥನ ಇರುವುದೂ ಅದೇ ಕಡೆ. ಬೆಳಗಿನ ಬೆಳಕು ಅದರ ಮೇಲೆ ಚೆನ್ನಾಗಿ ಬೀಳುತ್ತದೆ. ಕುರುಕ್ಷೇತ್ರವನ್ನು ಇನ್ನೊಂದು ದಿನ ಮಧ್ಯಾಹ್ನ ಮೂರರ ಮೇಲೆ ನೋಡಿ, ಆಗ ಬಿಸಿಲು ಪಶ್ಚಿಮದಿಂದ ಒಳಗೆ ಬರುತ್ತದೆ. ಅದೇ ಪಾಸಿನಲ್ಲಿ ಎಷ್ಟು ಸಲ ಬೇಕಾದರೂ ಹೋಗಬಹುದು.

ಮುರಕಲ್ಲು

ನಾನು ಮಂಗಳೂರು ಕಡೆಯವ, ಕೆಲಸ ಸಿವಿಲ್ ಇಂಜಿನಿಯರ್. ನನಗೆ ಅಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಕಲ್ಲು. ಹೊರಗೆ ಮರಳುಗಲ್ಲು, ಒಳಗೆ, ಅಡಿಪಾಯದಲ್ಲಿ, ಆವರಣದ ಗೋಡೆಯಲ್ಲಿ ನಮ್ಮ ಮುರಕಲ್ಲೇ! ಅದೇ ಕೆಂಪು, ಅದೇ ತೂತು. ಊರಿನ ಬಾವಿಕಟ್ಟೆ ನೋಡಿದ ಹಾಗಾಯಿತು.

ಮರಳುಗಲ್ಲು ಬಂದದ್ದು ಕುಲೆನ್ ಬೆಟ್ಟದ ಕಡೆಯಿಂದ. ಸುಮಾರು 40 ಕಿಲೋಮೀಟರ್ ದೂರ. ಕಾಲುವೆಗಳ ಮೂಲಕ ನೀರಿನ ಮೇಲೆ ಸಾಗಿಸಿದರು ಅಂತ ಸಂಶೋಧಕರು ಹೇಳುತ್ತಾರೆ. ಗೋಡೆಯನ್ನು ಹತ್ತಿರದಿಂದ ನೋಡಿ, ಕಲ್ಲುಗಳ ಮೇಲೆ ಹೆಬ್ಬೆರಳು ಹೋಗುವಷ್ಟು ದುಂಡನೆಯ ತೂತುಗಳಿವೆ. ಗೂಟ ಸಿಕ್ಕಿಸಿ ಕಲ್ಲು ಎತ್ತಲು ಮಾಡಿದ್ದು. ಗಾರೆ ಇಲ್ಲ. ಒಂದರ ಮೇಲೊಂದು ಕಲ್ಲು ಉಜ್ಜಿ ಉಜ್ಜಿ ಕೂರಿಸಿದ್ದಾರೆ, ಕೆಲವು ಕಡೆ ಸಂದಿಯಲ್ಲಿ ಕಾಗದವೂ ತೂರುವುದಿಲ್ಲ. ಕಮಾನು ಮಾತ್ರ ಅವರು ಕಟ್ಟಲಿಲ್ಲ. ಕಲ್ಲನ್ನು ಸ್ವಲ್ಪ ಸ್ವಲ್ಪ ಮುಂದೆ ಚಾಚಿ ಮೇಲೆ ಕೂಡಿಸುತ್ತಾರೆ. ಅಷ್ಟು ದೊಡ್ಡ ಗುಡಿಯಲ್ಲಿ ಒಂದೂ ಅಗಲವಾದ ಕೋಣೆ ಇಲ್ಲದಿರುವುದು ಇದಕ್ಕೇ.

ಗ್ರೂಪ್ ಟೂರಿನವರು ಬಾಫುವೋನ್ ತೋರಿಸದೆ ಮುಂದೆ ಹೋಗುತ್ತಾರೆ. ಬಾಯೋನ್‌ನ ಪಕ್ಕದಲ್ಲೇ ಇದೆ. ನನ್ನ ಮಟ್ಟಿಗೆ ಅಲ್ಲಿನ ಅತಿ ದೊಡ್ಡ ಕತೆ ಅದೇ. 11ನೇ ಶತಮಾನದ ಶಿವನ ಗುಡಿ, ಒಳಗೆ ಮಣ್ಣು ತುಂಬಿದ್ದರಿಂದ ಕುಸಿಯುತ್ತಿತ್ತು. ಫ್ರೆಂಚರು 1960ರಲ್ಲಿ ಅದನ್ನು ಬಿಚ್ಚಲು ಶುರು ಮಾಡಿದರು. ಸುಮಾರು 3 ಲಕ್ಷ ಕಲ್ಲು. ಒಂದೊಂದಕ್ಕೂ ಗುರುತು ಹಾಕಿ ಸುತ್ತಲಿನ ಕಾಡಿನಲ್ಲಿ ಹರಡಿದರು. ಅಷ್ಟರಲ್ಲಿ ಯುದ್ಧ ಬಂತು, ಕೆಲಸ ನಿಂತಿತು. ಆ ಗುರುತುಗಳ ದಾಖಲೆಗಳೆಲ್ಲಾ ಖ್ಮೇರ್ ರೂಜ್ ಕಾಲದಲ್ಲಿ ನಾಶವಾದವು. 1995ರಲ್ಲಿ ಮತ್ತೆ ಬಂದವರ ಮುಂದೆ ಇದ್ದದ್ದು ಕಾಡಿನ ತುಂಬಾ ಕಲ್ಲು, ಯಾವುದು ಎಲ್ಲಿಯದು ಅಂತ ಹೇಳುವ ಕಾಗದ ಇಲ್ಲ. ಒಂದೊಂದು ಕಲ್ಲಿನ ಜಾಗವೂ ಒಂದೇ, ಇನ್ನೊಂದು ಅಲ್ಲಿ ಕೂರುವುದಿಲ್ಲ. ಹುಡುಕಿ ಹುಡುಕಿ ಜೋಡಿಸಿ 2011ರಲ್ಲಿ ಮುಗಿಸಿದರು. ಕೂರದೆ ಉಳಿದ ಕಲ್ಲುಗಳು ಈಗಲೂ ಸುತ್ತ ಇವೆ. ಹಿಂಭಾಗಕ್ಕೆ ಹೋಗಿ ದೂರದಿಂದ ನೋಡಿದರೆ ಅಡ್ಡ ಮಲಗಿದ ದೊಡ್ಡ ಬುದ್ಧ ಕಾಣುತ್ತಾನೆ, ನಂತರದ ಕಾಲದಲ್ಲಿ ಅದೇ ಗುಡಿಯ ಕಲ್ಲುಗಳಿಂದ ಮಾಡಿದ್ದು. ಇದನ್ನು ನೋಡಲು ಹತ್ತುವುದೇನೂ ಬೇಡ.

ತಾ ಪ್ರೋಮ್‌ನಲ್ಲಿ ನಮ್ಮ ಭಾರತೀಯ ಪುರಾತತ್ವ ಇಲಾಖೆಯವರ ಕೆಲಸ ಇದೆ. ಅಲ್ಲಿ ಗೋಡೆಗಳ ಮೇಲೆಯೇ ದೊಡ್ಡ ಮರಗಳು ಬೆಳೆದಿವೆ. ಮರ ಉಳಿಯಬೇಕು, ಗೋಡೆಯೂ ಉಳಿಯಬೇಕು, ಅದೇ ಕಷ್ಟ. ಬೇರು ಕಿತ್ತರೆ ಗೋಡೆ ಬೀಳುತ್ತದೆ, ಬಿಟ್ಟರೆ ಮರವೇ ಗೋಡೆಯನ್ನು ಸೀಳುತ್ತದೆ. ಅಲ್ಲಿನ ನೃತ್ಯ ಮಂಟಪದ ಜೀರ್ಣೋದ್ಧಾರ ಮುಗಿದು 2022ರಲ್ಲಿ ಉದ್ಘಾಟನೆ ಆಯಿತು. ಎಲ್ಲರೂ ಬೇರಿನ ಮುಂದೆ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಆ ಮಂಟಪದ ಹತ್ತಿರ ಐದು ನಿಮಿಷ ನಿಲ್ಲಿ.

ಒಂಟಿಕೊಪ್ಪಲ್ ಅಕ್ಕ

ಬಾಫುವೋನ್ ಕತೆ ನಮಗೆ ಯಾರೂ ಹೇಳಲೇ ಇಲ್ಲ! ಅದರ ಮುಂದೆಯೇ ಬಸ್ಸು ಹೋಗಿತ್ತು ಅನಿಸುತ್ತದೆ. ಹೊಟ್ಟೆ ಉರಿಯುತ್ತಿದೆ.

ಧಾರವಾಡದ ಮಳೆ

ಯಾರೂ ಬಂತೇ ಸ್ರೇ ಬಗ್ಗೆ ಹೇಳಲಿಲ್ಲವಲ್ಲ. ಅಂಗ್ಕೋರ್ ಪಕ್ಕದ ಸಿಯೆಮ್ ರೀಪ್ ಊರಿಂದ ದೂರ ಅಂತ ಒಂದು ದಿನದ ಪ್ಯಾಕೇಜಿನಲ್ಲಿ ಅದು ಇರುವುದೇ ಇಲ್ಲ. ಹಳೇಬೀಡು ನೋಡಿದವರು ಮೊದಲು ಹೋಗಬೇಕಾದ್ದು ಅಲ್ಲಿಗೆ. ಪುಟ್ಟ ಗುಡಿ, ಗುಲಾಬಿ ಬಣ್ಣದ ಮರಳುಗಲ್ಲು. 967ರಲ್ಲಿ ಪ್ರತಿಷ್ಠೆ ಆಗಿದ್ದು, ಅಂದರೆ ಅಂಗ್ಕೋರ್ ವಾಟ್‌ಗಿಂತ ಒಂದೂವರೆ ಶತಮಾನ ಹಿಂದಿನದು. ಕಟ್ಟಿಸಿದ್ದು ರಾಜನಲ್ಲ, ಯಜ್ಞವರಾಹ ಅನ್ನುವ ವಿದ್ವಾಂಸ.

ರಾವಣ ಕೈಲಾಸ ಅಲುಗಿಸುವ ಶಿಲ್ಪ ಹಳೇಬೀಡಿನಲ್ಲೂ ಇದೆ, ಇಲ್ಲೂ ಇದೆ. ಇಲ್ಲಿನದರಲ್ಲಿ ಪಾರ್ವತಿ ಹೆದರಿ ಶಿವನನ್ನು ಹಿಡಿದುಕೊಂಡಿದ್ದಾಳೆ, ಕೆಳಗೆ ಪ್ರಾಣಿಗಳು ದಿಕ್ಕಾಪಾಲಾಗಿ ಓಡುತ್ತಿವೆ. ಇನ್ನೊಂದು ಕಡೆ ಖಾಂಡವ ದಹನ. ಇಂದ್ರ ಸುರಿಸುವ ಮಳೆಯನ್ನು ಓರೆ ಗೆರೆಗಳಾಗಿ ಕೆತ್ತಿದ್ದಾರೆ. ಮಳೆಯನ್ನು ಕಲ್ಲಲ್ಲಿ ಹೀಗೂ ತೋರಿಸಬಹುದಾ ಅಂತ ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ವಾಲಿ ಸುಗ್ರೀವರ ಕಾಳಗವೂ ಇದೆ, ತಾಳಮದ್ದಳೆ ಕೇಳಿ ಬೆಳೆದ ಮುರಕಲ್ಲು ಅವರಂಥವರು ಬಿಡಬಾರದು. ಎತ್ತರ ಇಲ್ಲ, ಹಗ್ಗ ಕಟ್ಟಿರುವುದರಿಂದ ಗರ್ಭಗುಡಿಯ ಹತ್ತಿರ ಯಾರೂ ಹತ್ತುವಂತೆಯೂ ಇಲ್ಲ. ನಿಮ್ಮಪ್ಪನಿಗೆ ಹೇಳಿ ಮಾಡಿಸಿದ ಜಾಗ.

1923ರಲ್ಲಿ ಆಂದ್ರೆ ಮಾಲ್ರೋ ಅನ್ನುವ ಫ್ರೆಂಚ್ ಯುವಕ ಇಲ್ಲಿಂದ ಶಿಲ್ಪ ಕಿತ್ತುಕೊಂಡು ಹೋಗಿ ಸಿಕ್ಕಿಬಿದ್ದ. ಮುಂದೆ ಅವನೇ ಫ್ರಾನ್ಸಿನ ಸಂಸ್ಕೃತಿ ಮಂತ್ರಿ ಆದ. ಶಿಲ್ಪಗಳು ವಾಪಸ್ ಬಂದವು ಅನ್ನುವುದೇ ಸಮಾಧಾನ.

ಮುರಕಲ್ಲು

ಬಂತೇ ಸ್ರೇ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಹಾಗೆಯೇ ಬಾಯೋನ್‌ನಲ್ಲಿ ಗೋಪುರಗಳ ಮೇಲಿನ ದೊಡ್ಡ ಕಲ್ಲಿನ ಮುಖಗಳನ್ನಷ್ಟೇ ನೋಡಿ ಬರಬೇಡಿ. ಹೊರಗಿನ ಸುತ್ತಿನ ಗೋಡೆಯಲ್ಲಿ ದೇವರೂ ಇಲ್ಲ, ಪುರಾಣವೂ ಇಲ್ಲ. ಸಂತೆ, ಅಡುಗೆ, ಮೀನು ಹಿಡಿಯುವವರು, ಪಕ್ಕದ ಚಂಪಾ ರಾಜ್ಯದ ಚಾಮ್ ಸೈನ್ಯದ ಜೊತೆ ದೋಣಿ ಯುದ್ಧ. ಒಂದು ಕಡೆ ಕೋಳಿ ಅಂಕ! ಕೋಳಿ ಹಿಡಿದು ಎದುರುಬದುರು ನಿಂತ ಇಬ್ಬರು, ಸುತ್ತ ಜನ. ನಮ್ಮೂರಿನವರೇ ಅನ್ನಬೇಕು.

ಹಾಸನದ ಮೇಷ್ಟ್ರು

ಬಂತೇ ಸ್ರೇ ನಾನೇ ಹೇಳಬೇಕಿತ್ತು, ನೀವು ಹೇಳಿದ್ದು ಒಳ್ಳೆಯದಾಯಿತು. ಎರಡೂ ನೋಡುವ ಹಾಗಿದ್ದರೆ ಮೊದಲ ದಿನ ಬಂತೇ ಸ್ರೇ, ಆಮೇಲೆ ಅಂಗ್ಕೋರ್ ವಾಟ್. ಕಾಲಕ್ರಮವೂ ಸರಿಹೋಗುತ್ತದೆ, ಕಣ್ಣೂ ಪಳಗುತ್ತದೆ.

ಸಿಂಗಪುರ ಕನ್ನಡತಿ

ಅಮ್ಮನ ಊಟದ ಬಗ್ಗೆ ಹೇಳಲು ಮರೆತೆ. ಸಿಯೆಮ್ ರೀಪ್ ಊರಿನಲ್ಲಿ ಭಾರತೀಯ ಹೋಟೆಲ್‌ಗಳಿವೆ, ರಾತ್ರಿ ಊಟಕ್ಕೆ ತೊಂದರೆ ಇಲ್ಲ. ಖ್ಮೇರ್ ಅಡುಗೆ ತಿನ್ನುವಾಗ ಹುಷಾರು. ತರಕಾರಿ ಸಾರು ಅಂತ ಬಂದರೂ ಅದರಲ್ಲಿ ಮೀನಿನ ಸಾಸ್ ಇರುತ್ತದೆ, ಇಲ್ಲವೇ ಪ್ರಹೋಕ್ ಅಂತ ಹುಳಿ ಬರಿಸಿದ ಮೀನಿನ ಪೇಸ್ಟು. ಮಾಂಸ ಬೇಡ ಅಂದರೆ ಸಾಲದು, ಮೀನಿನ ಸಾಸೂ ಬೇಡ ಅಂತ ಗೈಡ್ ಕೈಲಿ ಅವರ ಭಾಷೆಯಲ್ಲೇ ಹೇಳಿಸಿ. ಮಧ್ಯಾಹ್ನಕ್ಕೆ ಅವಲಕ್ಕಿ, ಚಪಾತಿ, ಚಟ್ನಿಪುಡಿ ಇಟ್ಟುಕೊಂಡರೆ ನೆಮ್ಮದಿ. ಎಳನೀರು, ಹಣ್ಣು ಧಾರಾಳ.

ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ, ಇಲ್ಲದಿದ್ದರೆ ಬಾಕಾನ್‌ಗೆ ಬಿಡುವುದಿಲ್ಲ. ಡಾಲರ್ ನೋಟು ಹೊಸದಿರಲಿ, ಸ್ವಲ್ಪ ಹರಿದಿದ್ದರೂ ಯಾರೂ ಮುಟ್ಟುವುದಿಲ್ಲ. ಗುಡಿಗಳ ಹತ್ತಿರ ಮಕ್ಕಳು ಪೋಸ್ಟ್‌ಕಾರ್ಡ್, ಬಳೆ ಮಾರಲು ಬರುತ್ತಾರೆ. ಮನಸ್ಸು ಕರಗುತ್ತದೆ, ಆದರೂ ಅವರ ಕೈಯಿಂದ ಕೊಳ್ಳಬೇಡಿ. ಮಗು ಒಳ್ಳೆ ಸಂಪಾದನೆ ಮಾಡಿದಷ್ಟು ದಿನ ಅದನ್ನು ಶಾಲೆಗೆ ಕಳಿಸುವುದಿಲ್ಲ. ಕೊಡಬೇಕು ಅನಿಸಿದರೆ ದೊಡ್ಡವರ ಅಂಗಡಿಯಲ್ಲಿ ಏನಾದರೂ ತೆಗೆದುಕೊಳ್ಳಿ.

ತುಂಗಾತೀರ

ಮನೆಯಲ್ಲಿ ಕೂತು ಮಾತಾಡಿದೆವು. ವಿಯೆಟ್ನಾಂ ಭಾಗ ಗ್ರೂಪಿನ ಜೊತೆಯೇ ಮಾಡೋಣ ಅಂತ ಅಮ್ಮ. ಅಕ್ಕ ಹೇಳಿದ ಮಾತು ಅವರಿಗೆ ಹಿಡಿಸಿತು, ಜೊತೆಗೆ ಜನ ಇರುತ್ತಾರೆ ಅಂತ. ಸಿಯೆಮ್ ರೀಪ್ ತಲುಪಿದ ಮೇಲೆ ನಾವು ಗ್ರೂಪ್ ಬಿಟ್ಟು ಉಳಿದುಕೊಂಡು, ಮೂರು ದಿನದ ಪಾಸ್ ತೆಗೆದುಕೊಂಡು, ನಮ್ಮದೇ ಗೈಡ್ ಜೊತೆ ನೋಡುವುದು. ಇದಕ್ಕೆ ಟೂರ್ ಕಂಪನಿಯವರು ಒಪ್ಪುತ್ತಾರಾ?

ಒಂಟಿಕೊಪ್ಪಲ್ ಅಕ್ಕ

ಒಪ್ಪುತ್ತಾರಪ್ಪ, ಆದರೆ ದುಡ್ಡು ಕಟ್ಟುವ ಮೊದಲೇ ಕೇಳಬೇಕು. ಗ್ರೂಪ್ ಟಿಕೆಟ್‌ನಲ್ಲಿ ವಾಪಸ್ ಬರುವ ದಿನ ಬದಲಾಯಿಸುವುದು ಕಷ್ಟ. ಹೋಗುವ ಟಿಕೆಟ್ ಅವರ ಜೊತೆ, ಬರುವ ಟಿಕೆಟ್ ನಿಮ್ಮದೇ ಅಂತ ಮಾಡಿಸಿಕೊಳ್ಳಿ. ಟ್ರಾವೆಲ್ ಇನ್ಶೂರೆನ್ಸ್ ನೀವು ಮನೆ ಸೇರುವ ದಿನದವರೆಗೂ ಇರಲಿ. ನಮ್ಮ ಗ್ರೂಪಿನಲ್ಲಿ ಒಬ್ಬರು ಹೀಗೇ ಉಳಿದುಕೊಂಡಿದ್ದರು, ಅವರ ಇನ್ಶೂರೆನ್ಸ್ ಟೂರ್ ಮುಗಿದ ದಿನಕ್ಕೇ ಮುಗಿದಿತ್ತು.

ಸಿಂಗಪುರ ಕನ್ನಡತಿ

ಒಳ್ಳೆ ಪ್ಲಾನ್. ಹೊಸ ಏರ್‌ಪೋರ್ಟ್ 2023ರಲ್ಲಿ ಶುರುವಾಗಿದ್ದು, ಊರಿಂದ ದೂರ ಇದೆ, ಹಾಗಾಗಿ ವಾಪಸ್ ಬರುವ ದಿನ ಬೇಗ ಹೊರಡಿ. ಥಾಯ್ಲೆಂಡ್‌ನಿಂದ ರಸ್ತೆಯಲ್ಲಿ ಬರುವ ಯೋಚನೆ ಇದ್ದರೆ ಬಿಟ್ಟುಬಿಡಿ, 2025ರ ಗಡಿ ಜಗಳದಲ್ಲಿ ಆ ದಾರಿ ಮುಚ್ಚಿದ್ದಾರೆ. ಟುಕ್‌ಟುಕ್ ಬದಲು ಅಪ್ಪನಿಗೆ ಕಾರು ಮಾಡಿ, ಅದರಲ್ಲೂ ಬಂತೇ ಸ್ರೇ ದಿನ.

ತುಂಗಾತೀರ

ಅಪ್ಪನಿಗೆ ಮೆಟ್ಟಿಲು ಆಗದಿದ್ದರೂ ನಾನೊಬ್ಬನೇ ಬಾಕಾನ್ ಹತ್ತಿ ಬರಬೇಕು ಅಂತಿದೆ. ಯಾವ ದಿನ ಬೇಕಾದರೂ ತೆಗೆದಿರುತ್ತಾ?

ಸಿಂಗಪುರ ಕನ್ನಡತಿ

ಇಲ್ಲ. ಬೌದ್ಧರ ಪವಿತ್ರ ದಿನಗಳಲ್ಲಿ ಮೇಲೆ ಬಿಡುವುದಿಲ್ಲ, ತಿಂಗಳಿಗೆ ನಾಲ್ಕು ಸಲ. ಹುಣ್ಣಿಮೆ, ಅಮಾವಾಸ್ಯೆ, ಎರಡು ಅಷ್ಟಮಿ. ಅಮ್ಮನ ಹತ್ತಿರ ಪಂಚಾಂಗ ಇದ್ದರೆ ಈಗಲೇ ನೋಡಿ. ಒಂದೊಂದು ಸಲ ನಮ್ಮ ತಿಥಿಗೂ ಅವರದ್ದಕ್ಕೂ ಒಂದು ದಿನ ಹೆಚ್ಚುಕಮ್ಮಿ ಆಗುತ್ತದೆ, ಹಾಗಾಗಿ ಗೈಡ್ ಹತ್ತಿರವೂ ಕೇಳಿಬಿಡಿ. ಹೊತ್ತು ಬೇಕಾದರೆ ಬೆಳಗ್ಗೆ ಸೂರ್ಯೋದಯದ ಜನ ತಿಂಡಿಗೆ ಹೋದ ಮೇಲೆ ಹತ್ತಿ, ಆಗ ಕ್ಯೂ ಚಿಕ್ಕದು. ಅಷ್ಟು ಹೊತ್ತು ಅಪ್ಪ ಸಮುದ್ರಮಥನದ ಹತ್ತಿರ ಕೂತಿರಲಿ.